ಡಾಕ್ಟ್ರೇ, 16 ಬಂದಿದೆ

ಮೊಬೈಲಿನಲ್ಲೇ ಮನಸ್ಸಿನ ಕಾಯಿಲೆಯ ಪರೀಕ್ಷೆ ಮಾಡಿಕೊಂಡು, ರಾತ್ರಿ ಹನ್ನೊಂದರ ಮೇಲೆ ಜನ ನನ್ನ ವಾಟ್ಸಾಪ್‌ಗೆ ಕಳಿಸುವ ಸ್ಕ್ರೀನ್‌ಶಾಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಅರ್ಧ ವೃತ್ತದ ಮೀಟರ್, ಮುಳ್ಳು ಕೆಂಪಿನ ಹತ್ತಿರ, ಕೆಳಗೊಂದು ಸಂಖ್ಯೆ. ಅದರ ಕೆಳಗೆ 'ಈಗಲೇ ಕೌನ್ಸೆಲಿಂಗ್ ಬುಕ್ ಮಾಡಿ' ಅನ್ನುವ ಬಟನ್. ಜೊತೆಗೆ ಒಂದು ಸಾಲು: "ಡಾಕ್ಟ್ರೇ, 16 ಬಂದಿದೆ. ಮಾತ್ರೆ ಶುರು ಮಾಡಬೇಕಾ?"

ಯಾವ ಪರೀಕ್ಷೆ, ಏನು ತೊಂದರೆ, ಯಾವಾಗಿಂದ ಅಂತ ಒಂದು ಮಾತೂ ಇರುವುದಿಲ್ಲ. ಶುಗರ್ ರಿಪೋರ್ಟ್ ಕಳಿಸಿದ ಹಾಗೆ ಕಳಿಸಿರುತ್ತಾರೆ. ಶುಗರ್ ಅಂಕಿ ರಕ್ತದಿಂದ ಬಂದದ್ದು ಸ್ವಾಮಿ. ಈ 16 ನೀವೇ ಒತ್ತಿದ ಉತ್ತರಗಳ ಮೊತ್ತ. ಕೂಡಿಸಿ ನಿಮಗೇ ವಾಪಸ್ ಕೊಟ್ಟಿದ್ದಾರೆ, ಅಷ್ಟೇ.

ಹೆಚ್ಚಿನವರು ತುಂಬುವುದು, ಖಿನ್ನತೆ (ಡಿಪ್ರೆಶನ್) ಇರಬಹುದಾ ಅಂತ ನೋಡುವ ಪಿಎಚ್‌ಕ್ಯೂ-9 ಅನ್ನುವ ಪಟ್ಟಿ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಪುರುಸೊತ್ತಿಲ್ಲದ ಸಾಮಾನ್ಯ ವೈದ್ಯರಿಗೆ ಅನುಕೂಲವಾಗಲಿ ಅಂತ ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ. ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮುಂದಿನ ವಿಚಾರಣೆ ಬೇಕು ಅನ್ನುವುದು ರೂಢಿ. ವಿಚಾರಣೆ ಬೇಕು ಅಂದೆ, ಕಾಯಿಲೆ ಇದೆ ಅನ್ನಲಿಲ್ಲ. ಇದೊಂದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಹಾಗಾಗಿ ಲೆಕ್ಕ ಮಾಡಿಯೇ ತೋರಿಸುತ್ತೇನೆ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಸಮೀಕ್ಷೆಯ ಹೊತ್ತಿಗೆ ಖಿನ್ನತೆ ಇದ್ದವರು ನೂರಕ್ಕೆ ಸುಮಾರು 2.7. ಅಂದರೆ ಸಾವಿರ ಜನರಲ್ಲಿ 27. ಈಗ ಸಾವಿರ ಜನರಿಗೂ ಪಟ್ಟಿ ಕೊಡಿ. ಪಟ್ಟಿಯ ಬಗೆಗಿನ 2001ರ ಮೂಲ ಅಧ್ಯಯನದ ಪ್ರಕಾರ 10ರ ಗೆರೆ ಎಳೆದರೆ, ಖಿನ್ನತೆ ಇರುವವರಲ್ಲಿ ನೂರಕ್ಕೆ 88 ಮಂದಿ ಸಿಗುತ್ತಾರೆ. ಇಲ್ಲದವರಲ್ಲಿ ನೂರಕ್ಕೆ 88 ಮಂದಿ ಗೆರೆಯ ಕೆಳಗೇ ಉಳಿಯುತ್ತಾರೆ. ಒಳ್ಳೆಯ ಪಟ್ಟಿಯೇ, ಅಲ್ವಾ? 27ರಲ್ಲಿ 24 ಮಂದಿ ಸಿಕ್ಕರು. ಆದರೆ ಉಳಿದ 973 ಆರೋಗ್ಯವಂತರಲ್ಲಿ ನೂರಕ್ಕೆ 12ರಂತೆ 117 ಮಂದಿ ಗೆರೆ ದಾಟಿದರು. ಒಟ್ಟು 141 ಜನರ ಮೀಟರ್ ಮೇಲೇರಿತು. ನಿಜವಾಗಿ ಖಿನ್ನತೆ ಇರುವುದು 24 ಜನಕ್ಕೆ. ಆರರಲ್ಲಿ ಒಬ್ಬರಿಗೆ.

ಒಂದು ಮಾತು ಸೇರಿಸಬೇಕು. ರಾತ್ರಿ ಎದ್ದು ಕೂತು ಇಂಥ ಪರೀಕ್ಷೆ ತೆಗೆದುಕೊಳ್ಳುವವರು ಸುಮ್ನೆ ಬೀದಿಯಲ್ಲಿ ಸಿಕ್ಕವರಲ್ಲ. ಏನೋ ಕಾಡುತ್ತಿರುವುದಕ್ಕೇ ಹುಡುಕಿರುತ್ತಾರೆ. ಹಾಗಾಗಿ ಅವರಲ್ಲಿ ಈ ಅನುಪಾತ ಜಾಸ್ತಿಯೇ ಇರುತ್ತದೆ. 16 ಬಂದವರಲ್ಲಿ 10 ಬಂದವರಿಗಿಂತಲೂ ಜಾಸ್ತಿ. ಆದರೂ ಅದು ಪ್ರಶ್ನೆಯೇ ಹೊರತು ಉತ್ತರವಲ್ಲ.

ಇಷ್ಟು ಹೇಳಿದ ಕೂಡಲೇ ಕೆಲವರು ಆ ಕಡೆಗೆ ಜಿಗಿಯುತ್ತಾರೆ. "ಹಾಗಾದ್ರೆ ನನಗೇನೂ ಇಲ್ಲ ಅಲ್ವಾ ಸರ್?" ಅಯ್ಯೋ, ಅದನ್ನೂ ಹೇಳಲಿಲ್ಲವಲ್ಲ! ಯಾರಾದರೂ ಎದುರು ಕೂತು ಕೇಳಬೇಕು ಅಂದೆ.

ಕೇಳಿದಾಗ ಏನೇನೋ ಹೊರಬರುತ್ತದೆ. ಒಂಬತ್ತರಲ್ಲಿ ಐದು ಪ್ರಶ್ನೆಗಳು ನಿದ್ದೆ, ಸುಸ್ತು, ಹಸಿವು, ಏಕಾಗ್ರತೆ, ಮೈ ಮಂದವಾಗುವುದು ಇಲ್ಲವೇ ಚಡಪಡಿಕೆ, ಇವುಗಳ ಬಗ್ಗೆ. ನೈಟ್ ಶಿಫ್ಟ್ ಮಾಡುವವರು, ಎಳೆಗೂಸಿನ ತಾಯಂದಿರು, ರಕ್ತ ಕಡಿಮೆ ಇರುವವರು ಇಷ್ಟರಲ್ಲೇ ಹತ್ತು ದಾಟಬಲ್ಲರು. ಒಬ್ಬರು ಶಾಲಾ ಟೀಚರ್ ಬಂದಿದ್ದರು (ಗುರುತು ಸಿಗದಂತೆ ಬದಲಿಸಿ ಹೇಳುತ್ತಿದ್ದೇನೆ). 14 ಅಂಕ. ಯಜಮಾನರು ಅದನ್ನು ಪ್ರಿಂಟ್ ತೆಗೆಸಿ, ಫೈಲಿಗೆ ಹಾಕಿ ತಂದಿದ್ದರು. ನಾನು ಉತ್ತರಗಳನ್ನು ಬಿಡಿಬಿಡಿಯಾಗಿ ಕೇಳಿದೆ. ಮೊದಲ ಎರಡು ಪ್ರಶ್ನೆಗಳಿಗೆ, ಅಂದರೆ ಯಾವುದರಲ್ಲೂ ಖುಷಿಯಿಲ್ಲದಿರುವುದು ಮತ್ತು ಮನಸ್ಸು ಕುಗ್ಗಿರುವುದು, ಎರಡಕ್ಕೂ ಸೊನ್ನೆ. ಇವೆರಡರಲ್ಲಿ ಒಂದಾದರೂ ಇಲ್ಲದಿದ್ದರೆ ನಾವು ಖಿನ್ನತೆ ಅಂತ ಬರೆಯುವುದೇ ಕಷ್ಟ. ಮಕ್ಕಳ ಸ್ಕೂಲ್ ಡೇ ಬಗ್ಗೆ ಆಯಮ್ಮ ಮಾತಾಡಿದ ಉತ್ಸಾಹ ನೋಡಬೇಕಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ, ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದಾಗ ಏರುವ ಟಿಎಸ್‌ಎಚ್ ಎಲ್ಲೋ ಮೇಲಿತ್ತು. ಥೈರಾಯ್ಡ್ ಮಾತ್ರೆ ಬಿದ್ದ ಮೇಲೆ ಸುಸ್ತು ಇಳಿಯಿತು. ಎಲ್ಲರದೂ ಹೀಗೇ ಅಂತಲ್ಲ. ಥೈರಾಯ್ಡ್ ತೊಂದರೆ, ಡಿಪ್ರೆಶನ್ ಎರಡೂ ಒಟ್ಟಿಗೆ ಇರುವವರೂ ಬರುತ್ತಾರೆ.

ಪಟ್ಟಿಯ ಕೊನೆಯಲ್ಲಿ ಅಂಕವಿಲ್ಲದ ಒಂದು ಪ್ರಶ್ನೆ ಇದೆ. ಈ ತೊಂದರೆಗಳಿಂದ ಕೆಲಸ, ಮನೆ, ಜನರ ಜೊತೆಗಿನ ಒಡನಾಟ ಎಷ್ಟು ಕಷ್ಟವಾಗಿದೆ ಅಂತ. ಅಂಕವಿಲ್ಲ ಅಂತ ಅದನ್ನು ಬಿಟ್ಟುಬಿಡುವವರೇ ಜಾಸ್ತಿ. ನಾನು ಮೊದಲು ಕೇಳುವುದೇ ಅದನ್ನು.

ಕಡಿಮೆ ಅಂಕಕ್ಕೂ ಹಿಗ್ಗಬೇಡಿ. ಪಕ್ಕದಲ್ಲಿ ಅತ್ತೆ ಕೂತಿರುವಾಗ ತುಂಬಿದ ಪಟ್ಟಿಯಲ್ಲಿ ಸೊನ್ನೆಗಳೇ ಇರುತ್ತವೆ. ದಿನಾ ಕುಡಿಯುವ ಗಂಡಸಿಗೆ 4 ಬಂದಿರುತ್ತದೆ, ಯಾಕೆಂದರೆ ಕುಡಿತದ ಬಗ್ಗೆ ಅಲ್ಲಿ ಪ್ರಶ್ನೆಯೇ ಇಲ್ಲ. ತಲೆಭಾರ, ಮೈಕೈ ನೋವು, ಎದೆ ಹಿಡಿದಂತಾಗುವುದು ಅಂತ ಊರೆಲ್ಲ ಡಾಕ್ಟರ್‌ಗಳನ್ನು ಸುತ್ತಿ ಕೊನೆಗೆ ನಮ್ಮ ಹತ್ತಿರ ಬರುವ ಹೆಂಗಸರ ನೋವೂ ಆ ಪಟ್ಟಿಯಲ್ಲಿಲ್ಲ.

ಇನ್ನು ಒಂಬತ್ತನೇ ಪ್ರಶ್ನೆ. ಸತ್ತರೆ ಚೆನ್ನಾಗಿತ್ತು, ನನಗೆ ನಾನೇ ಏನಾದರೂ ಮಾಡಿಕೊಳ್ಳಬೇಕು ಅನ್ನುವ ಯೋಚನೆಯ ಬಗ್ಗೆ. ಇದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಒತ್ತಿದ್ದರೂ ನಾನು ಮೇಲೆ ಹೇಳಿದ ಲೆಕ್ಕವನ್ನೆಲ್ಲ ಮರೆತುಬಿಡಿ. ಒಟ್ಟು ಅಂಕ 5 ಇದ್ದರೂ ಅಷ್ಟೇ. ಅವತ್ತೇ ನಂಬಿಕೆಯವರೊಬ್ಬರಿಗೆ ಹೇಳಿ, ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಅಪಾಯ ಕಣ್ಣೆದುರೇ ಇದ್ದರೆ ನೇರ ಆಸ್ಪತ್ರೆಗೆ.

ರೀಲ್ಸ್ ನೋಡಿ ತನಗೆ ಎಡಿಎಚ್‌ಡಿ (ಚಿಕ್ಕಂದಿನಿಂದಲೇ ಗಮನ ನಿಲ್ಲದ, ಚಡಪಡಿಸುವ ತೊಂದರೆ) ಅಂತ ತೀರ್ಮಾನಿಸಿಕೊಂಡು ಬರುವ ಹುಡುಗರದು ಬೇರೆಯೇ ಕಥೆ. ಹನ್ನೆರಡು ವರ್ಷಕ್ಕೆ ಮೊದಲೇ ಲಕ್ಷಣಗಳು ಇದ್ದವಾ ಅಂತ ಕೇಳಿದರೆ ಅಮ್ಮನ ಮುಖ ನೋಡುತ್ತಾರೆ. ಇದನ್ನೆಲ್ಲ ಮೀರಿಸಿದವರು ಒಬ್ಬ ತಂದೆ. ಮಗನ ಪರವಾಗಿ ತಾವೇ ಕೂತು ಪಟ್ಟಿ ತುಂಬಿದ್ದರು. "ಅವನು ತುಂಬಲ್ಲ ಸಾರ್, ಅದಕ್ಕೆ ನಾನೇ ಮಾಡಿದೆ." ಪ್ರೀತಿಯಿಂದಲೇ ಮಾಡಿದ್ದು, ಬೈಯಲು ಮನಸ್ಸಾಗಲಿಲ್ಲ. ಆದರೆ ಅದರಲ್ಲಿ ನನಗೆ ಕಂಡದ್ದು ಅಪ್ಪನ ಆತಂಕ. ಮಗನನ್ನು ಹೊರಗೆ ಕೂರಿಸಿ ಮೊದಲು ಅವರ ಜೊತೆಗೇ ಮಾತಾಡಿದೆ.

ಈ ಪಟ್ಟಿಯ ಮೇಲೆ ನನಗೆ ಸಿಟ್ಟೇನಿಲ್ಲ. ನನ್ನ ಕ್ಲಿನಿಕ್‌ನಲ್ಲೂ ಬಳಸುತ್ತೇನೆ. ಚಿಕಿತ್ಸೆ ಶುರುವಾದ ಮೇಲೆ ಕೆಲವು ವಾರಕ್ಕೊಮ್ಮೆ ತುಂಬಿಸಿದರೆ, ಅದೇ ಮನುಷ್ಯರ ಅಂಕ 18ರಿಂದ 11ಕ್ಕೆ ಬಂತಾ, ಅಲ್ಲೇ ನಿಂತಿದೆಯಾ ಅಂತ ತಿಳಿಯುತ್ತದೆ. ಐದು ಅಂಕ ಇಳಿದರೆ ಅದು ಲೆಕ್ಕಕ್ಕೆ ಬರುವ ಸುಧಾರಣೆ. ಆದರೆ ದಿನಾ ಬೆಳಗ್ಗೆ ತುಂಬಿ ನಿನ್ನೆ 15, ಇವತ್ತು 17 ಅಂತ ಮೆಸೇಜ್ ಮಾಡುವವರಿಗೆ ಏನು ಹೇಳಲಿ? ಪ್ರಶ್ನೆ ಕೇಳುವುದು ಹದಿನಾಲ್ಕು ದಿನದ ಬಗ್ಗೆ. ನಿನ್ನೆಯ ಪಟ್ಟಿಗೂ ಇವತ್ತಿನದಕ್ಕೂ ಅದರಲ್ಲಿ ಹದಿಮೂರು ದಿನ ಅವೇ.