ಧೂಳಿನ ನಾಡಿನಲ್ಲಿ ಫಿಲ್ಟರ್ ಬದಲಿಸುವ ಲೆಕ್ಕ

ಕಾರಿನ ಏರ್ ಫಿಲ್ಟರನ್ನು ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಕೇಳಿದರೆ ವಿಜಯಪುರದ ಬಹುತೇಕ ಮಾಲೀಕರು ಕಂಪನಿಯ ಕೈಪಿಡಿಯಲ್ಲಿರುವ ಅಂಕಿಯನ್ನೇ ಹೇಳುತ್ತಾರೆ. ಹಲವು ಪೆಟ್ರೋಲ್ ಕಾರುಗಳಿಗೆ ಅದು 40,000 ಕಿಲೋಮೀಟರ್. ಆ ಅಂಕಿ ತಪ್ಪಲ್ಲ. ಆದರೆ ಅದು ಡಾಂಬರು ರಸ್ತೆಯಲ್ಲಿ, ಸಾಧಾರಣ ಗಾಳಿಯಲ್ಲಿ ಓಡುವ ವಾಹನಕ್ಕೆ ಹೇಳಿದ್ದು. ಅದೇ ಕೈಪಿಡಿಯ ಮುಂದಿನ ಪುಟಗಳಲ್ಲಿ ಧೂಳಿನ ರಸ್ತೆ, ಅತಿ ಬಿಸಿಲು, ಮತ್ತೆ ಮತ್ತೆ ಕಿರುದೂರದ ಓಡಾಟ ಮುಂತಾದ ಕಠಿಣ ಬಳಕೆಗೆಂದು ಬೇರೆಯೇ ಒಂದು ಪಟ್ಟಿ ಇರುತ್ತದೆ. ಸಿಂದಗಿ, ಇಂಡಿ, ಮುದ್ದೇಬಿಹಾಳದ ಕಡೆ ದಿನವೂ ಹೊಲದ ದಾರಿ ಹಿಡಿಯುವವರು, ಮುಧೋಳ–ಜಮಖಂಡಿ ಸೀಮೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತಿಂಗಳುಗಟ್ಟಲೆ ಓಡಿಸುವವರು, ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಿಗೆ ಹೋಗಿಬರುವವರು ನೋಡಬೇಕಾದದ್ದು ಆ ಎರಡನೆಯ ಪಟ್ಟಿಯನ್ನು.

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 11 ಕಿಲೋ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 9,000 ಲೀಟರ್. ಅಷ್ಟೂ ಗಾಳಿ ಒಂದು ಕಾಗದದ ಮಡಿಕೆಗಳ ಮೂಲಕವೇ ಎಂಜಿನ್ ಸೇರುತ್ತದೆ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಹಿಟ್ಟಿನಂತಾದಾಗ ಎದ್ದ ಧೂಳು ಬೇಗ ಕೂರುವುದಿಲ್ಲ. ಅದರಲ್ಲಿರುವ ಸಿಲಿಕಾ ಕಣಗಳು ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತಲೂ ಗಟ್ಟಿ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪವಾದ್ದರಿಂದ ಅಷ್ಟೇ ಗಾತ್ರದ ಕಣವೊಂದು ಒಳಗೆ ಸೇರಿದರೆ ಗೋಡೆಯನ್ನು ಗೀರುತ್ತದೆ. ಮೊದಲು ಪಿಕಪ್ ಇಳಿಯುತ್ತದೆ, ಆಮೇಲೆ ಎಂಜಿನ್ ಆಯಿಲ್ ತಿನ್ನತೊಡಗುತ್ತದೆ, ಕೊನೆಗೆ ನೀಲಿ ಹೊಗೆ ಕಾಣಿಸಿ ಬೋರ್ ಮಾಡಿಸುವ, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಸರಿಪಡಿಸುವ ಖರ್ಚು ಬರುತ್ತದೆ.

ಆದರೆ ತಡವಾಗಿ ಬದಲಿಸುವುದಕ್ಕಿಂತ ಹೆಚ್ಚಿನ ಹಾನಿಯನ್ನು ನಾನು ಕಂಡಿರುವುದು ತಪ್ಪಾಗಿ ಸ್ವಚ್ಛಗೊಳಿಸುವುದರಿಂದ. ಕಟ್ಟಿಕೊಂಡ ಫಿಲ್ಟರಿನಲ್ಲಿ ಗಾಳಿ ಕಡಿಮೆಯಾಗುತ್ತದೆ, ಗಾಡಿ ಎಳೆಯುವುದಿಲ್ಲ, ಡೀಸೆಲ್ ಗಾಡಿ ಕಪ್ಪು ಹೊಗೆ ಬಿಡುತ್ತದೆ. ಹಾಗಾಗಿ ಮಾಲೀಕರಿಗೆ ಅದು ಗೊತ್ತಾಗುತ್ತದೆ. ತೂತು ಬಿದ್ದ ಫಿಲ್ಟರ್ ಹಾಗಲ್ಲ. ಗಾಡಿ ಚೆನ್ನಾಗಿಯೇ ಓಡುತ್ತದೆ, ಧೂಳು ಸುಮ್ಮನೆ ಒಳಗೆ ಹೋಗುತ್ತಿರುತ್ತದೆ. ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿ “ಸ್ವಲ್ಪ ಹವಾ ಹೊಡೀರಿ” ಎನ್ನುವುದು ನಮ್ಮಲ್ಲಿ ರೂಢಿಯಾಗಿದೆ. ಕಂಪ್ರೆಸರಿನ ನಳಿಕೆಯನ್ನು ಕಾಗದಕ್ಕೆ ತಾಗುವಂತೆ ಹಿಡಿದು, ಅದೂ ಧೂಳು ಕೂತ ಬದಿಯಿಂದಲೇ ಹೊಡೆದರೆ ಸಣ್ಣ ಕಣಗಳು ಕಾಗದದ ಎಳೆಗಳೊಳಗೆ ಇನ್ನೂ ಆಳಕ್ಕೆ ಇಳಿಯುತ್ತವೆ, ಇಲ್ಲವೇ ಕಾಗದವೇ ಹರಿಯುತ್ತದೆ. ಹೊಡೆಯಲೇಬೇಕಾದ ಸಂದರ್ಭದಲ್ಲಿ ಕಡಿಮೆ ಒತ್ತಡದಲ್ಲಿ, ನಳಿಕೆಯನ್ನು ದೂರ ಹಿಡಿದು, ಶುದ್ಧ ಗಾಳಿಯ ಬದಿಯಿಂದ ಧೂಳಿನ ಬದಿಗೆ ಹೊಡೆಯಬೇಕು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಲೇಬಾರದು. ಇನ್ನೊಂದು ಮಾತು: ಫಿಲ್ಟರಿನ ಮೇಲೆ ತೆಳುವಾಗಿ ಕೂತ ಧೂಳಿನ ಪದರವೇ ಇನ್ನಷ್ಟು ಸಣ್ಣ ಕಣಗಳನ್ನು ತಡೆಯಲು ನೆರವಾಗುತ್ತದೆ, ಆದ್ದರಿಂದ ಸ್ವಲ್ಪ ಮಾಸಿದ ಫಿಲ್ಟರ್ ಕೆಟ್ಟ ಫಿಲ್ಟರಲ್ಲ, ಅದನ್ನು ವಾರಕ್ಕೊಮ್ಮೆ ಬಿಚ್ಚಿ ಬಡಿಯುವ ಅಗತ್ಯವೂ ಇಲ್ಲ.

ಪರೀಕ್ಷಿಸುವ ರೀತಿ ಸರಳ. ಫಿಲ್ಟರನ್ನು ಹೊರತೆಗೆದು ಅದರ ಹಿಂದೆ ಬಲ್ಬು ಅಥವಾ ಮೊಬೈಲಿನ ಟಾರ್ಚ್ ಹಿಡಿಯಿರಿ. ಮಡಿಕೆಗಳ ಮೂಲಕ ಮಂದವಾದ ಬೆಳಕು ಎಲ್ಲೆಡೆ ಕಂಡರೆ ಇನ್ನೂ ಬಾಳಿಕೆ ಇದೆ. ಬೆಳಕೇ ಬಾರದಿದ್ದರೆ ಬದಲಿಸಬೇಕು. ಸೂಜಿ ಚುಚ್ಚಿದಂತೆ ಒಂದೇ ಕಡೆ ಚುಕ್ಕಿ ಬೆಳಗಿದರೆ ಫಿಲ್ಟರ್ ಎಷ್ಟೇ ಹೊಸದಿದ್ದರೂ ಎಸೆಯಬೇಕು. ಬಳಿಕ ಫಿಲ್ಟರ್ ಕೂರುವ ಡಬ್ಬಿಯ ಒಳಭಾಗದಲ್ಲಿ, ಎಂಜಿನ್ನಿಗೆ ಹೋಗುವ ಕೊಳವೆಯ ಬಾಯಿಯನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಬೆರಳಿಗೆ ಧೂಳು ಹತ್ತಿದರೆ ಫಿಲ್ಟರಿನ ಅಂಚಿನ ರಬ್ಬರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಮುಚ್ಚಳದ ಕ್ಲಿಪ್ ಮುರಿದಿದೆ ಎಂದರ್ಥ. ಮುರಿದ ಕ್ಲಿಪ್ಪಿಗೆ ತಂತಿ ಬಿಗಿದ ಡಬ್ಬಿಗಳನ್ನು ನಾನು ಆಗಾಗ ನೋಡುತ್ತೇನೆ. ಎಷ್ಟು ಬೆಲೆಯ ಫಿಲ್ಟರ್ ಹಾಕಿದರೂ ಅಂಥ ಡಬ್ಬಿಯಲ್ಲಿ ಅದು ವ್ಯರ್ಥ. ಮಣ್ಣಿನ ದಾರಿಯಲ್ಲಿ ನಿತ್ಯ ಓಡುವ ಕಾರಿಗೆ ನಾನು ಹೇಳುವುದು 5,000 ಕಿಲೋಮೀಟರಿಗೊಮ್ಮೆ ತಪಾಸಣೆ, 15,000ದಿಂದ 20,000ದೊಳಗೆ ಬದಲಾವಣೆ. ಮಳೆ ಹೆಚ್ಚಿರುವ ಖಾನಾಪುರದ ಕಡೆಯವರಿಗೆ ಧೂಳಿಗಿಂತ ತೇವದ ಚಿಂತೆ ಹೆಚ್ಚು. ನೆನೆದು ಮಡಿಕೆ ಅಂಟಿಕೊಂಡ ಕಾಗದವನ್ನು ಒಣಗಿಸಿ ಮತ್ತೆ ಹಾಕಬಾರದು.

ಟ್ರ್ಯಾಕ್ಟರಿನ ಲೆಕ್ಕ ಕಿಲೋಮೀಟರಿನದಲ್ಲ, ಗಂಟೆಗಳದು. ತೊಗರಿ ರಾಶಿಯ ದಿನಗಳಲ್ಲಂತೂ ಅದೂ ಸಾಲದು. ಹೊಟ್ಟು ಮತ್ತು ಧೂಳಿನ ನಡುವೆ ನಿಂತಲ್ಲೇ ದಿನವಿಡೀ ಓಡುವ ಎಂಜಿನ್ನಿನ ಏರ್ ಕ್ಲೀನರನ್ನು ಪ್ರತಿದಿನ ನೋಡಬೇಕು. ಹಳೆಯ ಮಾದರಿಯ ಆಯಿಲ್ ಬಾತ್ (ಬಟ್ಟಲಿನಲ್ಲಿರುವ ಎಣ್ಣೆಯಿಂದ ಧೂಳು ಹಿಡಿಯುವ ಏರ್ ಕ್ಲೀನರ್) ಇದ್ದರೆ ಬಟ್ಟಲಿನ ತಳದಲ್ಲಿ ಕೆಸರು ಕೂತಿದೆಯೇ, ಎಣ್ಣೆ ಗಟ್ಟಿಯಾಗಿದೆಯೇ ಎಂದು ನೋಡಿ, ಬಟ್ಟಲು ತೊಳೆದು, ಗುರುತಿನ ಮಟ್ಟಕ್ಕೆ ಮಾತ್ರ ಎಣ್ಣೆ ತುಂಬಬೇಕು. ಹೆಚ್ಚು ತುಂಬಿದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಎರಡು ಫಿಲ್ಟರಿನ ಹೊಸ ಮಾದರಿಗಳಲ್ಲಿ ಒಳಗಿನ ಫಿಲ್ಟರ್, ಹೊರಗಿನದು ಕೈಕೊಟ್ಟಾಗ ಎಂಜಿನ್ ಕಾಯಲಿಕ್ಕಿರುವಂಥದ್ದು; ಅದಕ್ಕೆ ಹವಾ ಹೊಡೆಯಬಾರದು, ಬದಲಿಸಬೇಕು.

ಮನೆಯ ಎ.ಸಿ.ಯ ಜಾಲರಿ ಫಿಲ್ಟರ್ ಬದಲಿಸುವಂಥದ್ದಲ್ಲ, ತೊಳೆಯುವಂಥದ್ದು. ಏಪ್ರಿಲ್–ಮೇ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಅದು ಕಟ್ಟಿಕೊಂಡರೆ ತಂಪು ಕಡಿಮೆಯಾಗಿ, ಒಳಗಿನ ಕಾಯಿಲಿನ ಮೇಲೆ ಮಂಜುಗಡ್ಡೆಯೂ ಕಟ್ಟಬಹುದು. ಕಾರಿನೊಳಗಿನ ಎ.ಸಿ. ಫಿಲ್ಟರ್ ಸಾಮಾನ್ಯವಾಗಿ ಕಾಗದದ್ದು; ಅದನ್ನು ವರ್ಷಕ್ಕೊಮ್ಮೆ, ಬೇಸಿಗೆಗೆ ಮುನ್ನ ಬದಲಿಸಿದರೆ ಸಾಕು.

ಆಯಿಲ್ ಫಿಲ್ಟರಿಗೆ ನೋಡಿ ನಿರ್ಧರಿಸುವ ಅವಕಾಶವಿಲ್ಲ. ಅದು ಎಂಜಿನ್ ಆಯಿಲಿನ ಜೊತೆಗೇ, ಪ್ರತಿ ಬಾರಿಯೂ ಬದಲಾಗಬೇಕು. ಒಂದು ಸಲ ಬಿಟ್ಟು ಒಂದು ಸಲ ಹಾಕಿದರೆ ನಡೆಯುತ್ತದೆ ಎನ್ನುವವರಿಗೆ ಅದರೊಳಗಿನ ಬೈಪಾಸ್ ವಾಲ್ವಿನ ವಿಚಾರ ತಿಳಿದಿರುವುದಿಲ್ಲ. ಫಿಲ್ಟರ್ ಕಟ್ಟಿಕೊಂಡಾಗ ಎಂಜಿನ್ ಎಣ್ಣೆಯಿಲ್ಲದೆ ಸೀಸ್ ಆಗದಿರಲೆಂದು ಆ ವಾಲ್ವ್ ತೆರೆದುಕೊಳ್ಳುತ್ತದೆ, ಆಗ ಸೋಸದ ಎಣ್ಣೆಯೇ ಬೇರಿಂಗುಗಳಿಗೆ ಹರಿಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ಯಾವ ದೀಪವೂ ಹತ್ತುವುದಿಲ್ಲ. ಡೀಸೆಲ್ ಗಾಡಿಯ ಎಣ್ಣೆ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಮಸಿಯಿಂದ, ಅದು ಸಹಜ. ಬಣ್ಣ ನೋಡಿ ಅವಧಿ ನಿರ್ಧರಿಸಬಾರದು. ಹಲವು ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಮನೆಯಿಂದ ಗಾಂಧಿ ಚೌಕಿನವರೆಗೆ ಮಾತ್ರ ಓಡಿಸುವವರು ಕಿಲೋಮೀಟರ್ ತುಂಬಿಲ್ಲವೆಂದು ವರ್ಷ ದಾಟಿಸುವುದು ತಪ್ಪು: ಎಂಜಿನ್ ಪೂರ್ತಿ ಬಿಸಿಯಾಗದ ಓಡಾಟದಲ್ಲಿ ತೇವಾಂಶವೂ ಉರಿಯದ ಪೆಟ್ರೋಲೂ ಎಣ್ಣೆಯಲ್ಲೇ ಉಳಿಯುತ್ತವೆ.

ತಿರುಗಿಸಿ ಕೂರಿಸುವ ಫಿಲ್ಟರ್ ಹಾಕಿಸುವಾಗ ಹತ್ತಿರ ನಿಂತು ಎರಡು ಸಂಗತಿ ನೋಡಿಕೊಳ್ಳಿ. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದಿಲ್ಲವಷ್ಟೇ? ಅದರ ಮೇಲೆ ಹೊಸದನ್ನು ಕೂರಿಸಿದರೆ ಓಡುವಾಗ ಎಣ್ಣೆಯೆಲ್ಲ ಸೋರಿಹೋಗಬಹುದು. ಹೊಸ ಉಂಗುರಕ್ಕೆ ಎಣ್ಣೆ ಸವರಿ, ಅದು ತಾಗಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು ಬಿಗಿಯಬೇಕು. ಪಾನಾ ಹಾಕಿ ಬಿಗಿದರೆ ರಬ್ಬರ್ ಹಿಂಡಿಹೋಗುತ್ತದೆ. ಬಳಿಕ ಎಂಜಿನ್ ಚಾಲೂ ಮಾಡಿ, ಎಣ್ಣೆಯ ದೀಪ ಆರಿದ ಮೇಲೆ ಕೆಲವು ನಿಮಿಷ ಓಡಲು ಬಿಟ್ಟು, ಫಿಲ್ಟರಿನ ಸುತ್ತ ತೊಟ್ಟಿಕ್ಕುತ್ತಿದೆಯೇ ನೋಡಿ, ಆಫ್ ಮಾಡಿ ಎಣ್ಣೆ ಇಳಿದ ಮೇಲೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಪರೀಕ್ಷಿಸಿಕೊಂಡೇ ಗ್ಯಾರೇಜಿನಿಂದ ಗಾಡಿ ಹೊರತೆಗೆಯಿರಿ.