ಫೋಟೊ ತೆಗೆದರೆ ಫಿಸಿಕ್ಸ್ ಬರುತ್ತಾ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳು 10ನೇ ತರಗತಿ, ಯಾವಾಗಲೂ ಕೈಯಲ್ಲಿ ಫೋನು. ಫಿಸಿಕ್ಸ್ ಟೀಚರ್ ಫೋಟೊ ಸ್ಪರ್ಧೆಗೆ ಕಳಿಸು ಅಂದಿದ್ದಾರಂತೆ. ಇದರಿಂದ ಪಾಠ ತಲೆಗೆ ಹತ್ತುತ್ತಾ, ಇಲ್ಲ ಸುಮ್ನೆ ಟೈಂಪಾಸಾ?

ಉತ್ತರ: ಬರೀ ಫೋಟೊ ತೆಗೆದರೆ ಹತ್ತುವುದಿಲ್ಲ. ಫೋಟೊ ಜೊತೆಗೆ ವಿವರಣೆ ಬರೆಯಬೇಕಲ್ವಾ, ಹತ್ತುವುದು ಅಲ್ಲಿ.

ಟೀಚರ್ ಹೇಳಿರುವುದು ಬಹುಶಃ ಅಮೆರಿಕನ್ ಅಸೋಸಿಯೇಷನ್ ಆಫ್ ಫಿಸಿಕ್ಸ್ ಟೀಚರ್ಸ್ ಹೈಸ್ಕೂಲ್ ಮಕ್ಕಳಿಗೆ ನಡೆಸುವ ಸ್ಪರ್ಧೆ. ಅದರಲ್ಲಿ ಎರಡು ವಿಭಾಗ. ದಿನನಿತ್ಯ ತಾನಾಗಿ ಕಣ್ಣಿಗೆ ಬಿದ್ದದ್ದು ಒಂದು, ಬೇಕೆಂದೇ ಜೋಡಿಸಿ ತೆಗೆದದ್ದು ಇನ್ನೊಂದು. ವಿವರಣೆ 250 ಪದ ದಾಟುವಂತಿಲ್ಲ. ಚಿತ್ರ ಎಷ್ಟು ಚೆನ್ನಾಗಿದೆ ಅನ್ನುವುದರ ಜೊತೆಗೆ ಬರೆದ ಫಿಸಿಕ್ಸ್ ಸರಿಯಿದೆಯಾ ಅಂತಲೂ ನೋಡುತ್ತಾರೆ.

ನನ್ನದೇ ಪಾಡು ಹೇಳುತ್ತೇನೆ. ಕೆಸುವಿನ ಎಲೆ ಮೇಲೆ ನೀರಿನ ಹನಿ ಮುತ್ತಿನ ಹಾಗೆ ಹೊಳೆಯುತ್ತದೆ. ಚಂದದ ಫೋಟೊ ಬಂತು. ‘ಎಲೆಗೆ ಮೇಣ ಇದೆ, ಅದಕ್ಕೆ ಹೊಳಪು’ ಅಂತ ಬರೆದೆ. ಆಮೇಲೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಮೇಣದ್ದೇ ಹೊಳಪಾದರೆ ಒಣ ಎಲೆ ಯಾಕೆ ಮಂಕಾಗಿದೆ?

ಎಲೆ ಕಿತ್ತು ಬಕೆಟ್ ನೀರಿನಲ್ಲಿ ಅದ್ದಿದೆ. ಮಟ್ಟಸವಾಗಿ ಹಿಡಿದರೆ ಹಸಿರು. ಚೆನ್ನಾಗಿ ಓರೆ ಮಾಡಿದರೆ ಬೆಳ್ಳಿ ತಗಡು! ಹೊರಗೆ ತೆಗೆದರೆ ಎಲೆ ಒದ್ದೆಯೇ ಆಗಿಲ್ಲ. ಆ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ, ಮೇಲೊಂದು ಮೇಣದ ಲೇಪ. ಉಬ್ಬುಗಳ ಸಂದಿಗೆ ನೀರು ಇಳಿಯುವುದಿಲ್ಲ, ಗಾಳಿ ಸಿಕ್ಕಿಕೊಂಡಿರುತ್ತದೆ. ನೀರಿನಿಂದ ಗಾಳಿಗೆ ಹೋಗುವ ಬೆಳಕು ಲಂಬದಿಂದ ಸುಮಾರು 49 ಡಿಗ್ರಿಗಿಂತ ಜಾಸ್ತಿ ಓರೆಯಾಗಿ ಬಂದರೆ ಆಚೆ ದಾಟದೆ ಪೂರ್ತಿ ವಾಪಸ್ ಬರುತ್ತದೆ. ಆ ಬೆಳ್ಳಿ ಎಲೆಯದ್ದೂ ಅಲ್ಲ, ಮೇಣದ್ದೂ ಅಲ್ಲ, ಗಾಳಿಯದ್ದು. ಹನಿಯ ತಳ ಹೊಳೆಯುವುದೂ ಹೀಗೆಯೇ. ಪುಸ್ತಕದಲ್ಲಿ ‘ಸಂಪೂರ್ಣ ಆಂತರಿಕ ಪ್ರತಿಫಲನ’ ಅಂತ ಬಾಯಿಪಾಠ ಮಾಡಿದ್ದು ನನಗೆ ಅರ್ಥವಾದದ್ದು ಆ ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತಾಗ. ನಿಮ್ಮಲ್ಲಿ ಕೆಸು ಸಿಗದಿದ್ದರೆ ಕೇಲ್ ಸೊಪ್ಪು ಸಾಕು.

ಜೋಡಿಸಿ ತೆಗೆಯುವ ವಿಭಾಗಕ್ಕೆ ದುಡ್ಡು ಸುರಿಯಬೇಕಿಲ್ಲ, ದೊಡ್ಡ ಕ್ಯಾಮೆರಾನೂ ಬೇಡ. ಎಲ್‌ಸಿಡಿ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಬಿಳಿ ಪರದೆ ತೆರೆಯಿರಿ. ಫೋನ್ ಕ್ಯಾಮೆರಾ ಮುಂದೆ ಪೋಲರೈಸ್ಡ್ (ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ) ತಂಪು ಕನ್ನಡಕ ಹಿಡಿದು, ಪರದೆ ಕಪ್ಪಾಗುವ ತನಕ ತಿರುಗಿಸಿ. ಈಗ ಜಾಮೆಟ್ರಿ ಬಾಕ್ಸಿನ ಪಾರದರ್ಶಕ ಕೋನಮಾಪಕವನ್ನು ಪರದೆ ಮುಂದೆ ತನ್ನಿ. ಕಾಮನಬಿಲ್ಲು! ಅಚ್ಚಿನಲ್ಲಿ ಆರುವಾಗ ಪ್ಲಾಸ್ಟಿಕ್ ಒಳಗೆ ಉಳಿದ ಬಿಗಿತ ಹಾಗೆ ಬಣ್ಣವಾಗಿ ಕಾಣುತ್ತದೆ. ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಬಿಗಿತ ಇರುವ ಕಡೆ ಅದು ಎರಡಾಗಿ ಒಡೆದು ಬೇರೆಬೇರೆ ವೇಗದಲ್ಲಿ ಸಾಗುತ್ತದೆ. ಹೊರಗೆ ಬಂದಾಗ ಕನ್ನಡಕ ಕೆಲವು ಬಣ್ಣಗಳನ್ನು ಬಿಡುತ್ತದೆ, ಕೆಲವನ್ನು ತಡೆಯುತ್ತದೆ. ಮಗಳು ಇದನ್ನು ತೆಗೆದರೆ ಪಾರದರ್ಶಕ ಪ್ಲಾಸ್ಟಿಕ್ ಚಮಚ ಬಗ್ಗಿಸಿ ಇನ್ನೊಂದು ಫೋಟೊ ತೆಗೆಯಲಿ. ಬಗ್ಗಿದ ಕಡೆ ಪಟ್ಟೆಗಳು ಬದಲಾಗಬೇಕು.

ಒಂದು ಮಾತು, ವಿವರಣೆಯನ್ನು ನೀವು ಬರೆದುಕೊಡಬೇಡಿ. ಅವಳು ಮೊದಲು ನಿಮಗೆ ಕನ್ನಡದಲ್ಲಿ ಹೇಳಲಿ. ‘ಅಮ್ಮಾ, ಬೆಳಕು ವಾಪಸ್ ಬರುತ್ತೆ’ ಅಂದರೆ, ಹಾಗಾದರೆ ಎಲೆ ಮಟ್ಟಸವಾಗಿದ್ದಾಗ ಯಾಕೆ ಬರಲಿಲ್ಲ ಅಂತ ಕೇಳಿ. ತಡವರಿಸಿದರೆ ಬೈಯಬೇಡಿ, ಎಲೆ ಮತ್ತೆ ಬಕೆಟ್‌ಗೆ ಹೋಗಲಿ.