ಅದೇ ಎಂಟು ಹಾಡು, ಬೇರೆ ಗಾಳಿ

1994ರ ಮೇ ತಿಂಗಳಲ್ಲಿ ನಾರ್ವೆಯ ಮೇಹೆಮ್ ತಂಡದ ಆಲ್ಬಂ ಒಂದು ಬಂತು. ಹೆಸರು 'ಡೆ ಮಿಸ್ಟೀರಿಸ್ ಡೊಮ್ ಸಾಥಾನಸ್'. ಎಂಟು ಹಾಡು, ಸುಮಾರು 46 ನಿಮಿಷ. ಹೆವಿ ಮೆಟಲ್ ಸಂಗೀತದ ಕರಾಳ ಕವಲಾದ ಬ್ಲ್ಯಾಕ್ ಮೆಟಲ್ ಕೇಳುವವರಲ್ಲಿ ಇದನ್ನು ಕೇಳದವರು ಸಿಗುವುದು ಕಷ್ಟ. 2015ರ ಡಿಸೆಂಬರ್ 18ರಂದು ತಂಡ ಸ್ವೀಡನ್ನಿನ ನೋರ್‌ಶೋಪಿಂಗ್ ಊರಿನಲ್ಲಿ ವೇದಿಕೆ ಹತ್ತಿ, ಅದೇ ಎಂಟು ಹಾಡುಗಳನ್ನು ಅದೇ ಸರದಿಯಲ್ಲಿ ನುಡಿಸಿತು. ಒಂದು ವರ್ಷದ ನಂತರ ಆ ಕಛೇರಿಯ ಧ್ವನಿಮುದ್ರಣವೂ ಆಲ್ಬಂ ಆಗಿ ಬಂತು. ಹಳೇ ಹೆಸರಿನ ಕೊನೆಗೆ 'ಅಲೈವ್' ಎಂದು ಸೇರಿಸಿದ್ದರು.

ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಡ್ರಮ್ಸ್ ಬಾರಿಸಿದವರು ಒಬ್ಬರೇ, ಹೆಲ್‌ಹ್ಯಾಮರ್. ಹಾಡಿದವರೂ ಒಬ್ಬರೇ, ಹಂಗೇರಿಯ ಅಟಿಲಾ ಚಿಹಾರ್. ಟ್ಯೂನು, ಸಾಹಿತ್ಯ ಯಾವುದೂ ಬದಲಾಗಿಲ್ಲ. ಆದರೂ ಹಳೆಯದು ಎಲ್ಲೋ ದೂರದ ಕತ್ತಲಿಂದ ಬರುತ್ತದೆ. ಹೊಸದು ಎದುರಿಗೇ ನಿಂತಿರುತ್ತದೆ. ಹಳೇ ಆಲ್ಬಂನಲ್ಲಿ ನಾವು ಇಷ್ಟಪಡುವ ಆ ಕತ್ತಲಿನಲ್ಲಿ ದೊಡ್ಡ ಪಾಲು ಹಾಡುಗಳದ್ದಲ್ಲ, ಒಂದು ಕಟ್ಟಡದ್ದು ಮತ್ತು ನಮ್ಮ ಕಿವಿಯದ್ದು. ಈ ಮಾತು ನನಗೆ ಖಾತ್ರಿಯಾಗಿದ್ದು ಲೈವ್ ಆಲ್ಬಂ ಕೇಳಿದ ಮೇಲೆ.

ಆ ಕಟ್ಟಡ ಬರ್ಗನ್ ನಗರದ ಗ್ರೀಗ್‌ಹಾಲೆನ್. 1978ರಲ್ಲಿ ತೆರೆದ ದೊಡ್ಡ ಸಭಾಂಗಣ, ಬರ್ಗನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಮನೆ. ಅಲ್ಲೇ ಒಂದು ಸ್ಟುಡಿಯೋ ಇತ್ತು. ಅದರ ಎಂಜಿನಿಯರ್ ಪಿಟ್ಟನ್ ಎಂದೇ ಹೆಸರಾದ ಐರಿಕ್ ಹುಂಡ್ವಿನ್. ನಾರ್ವೆಯ ಮೊದಲ ಸಾಲಿನ ಬ್ಲ್ಯಾಕ್ ಮೆಟಲ್ ಆಲ್ಬಂಗಳಲ್ಲಿ ಎಷ್ಟೋ ಅವರ ಕೈಯಲ್ಲೇ ತಯಾರಾದವು. ಮೇಹೆಮ್‌ಗಾಗಿ ಅವರು ಡ್ರಮ್ಸ್ ಅನ್ನು ಸ್ಟುಡಿಯೋದ ಸಣ್ಣ ಕೋಣೆಯಲ್ಲಿ ಕೂಡಿಹಾಕಲಿಲ್ಲ, ಸಿಂಫೊನಿ ನುಡಿಸುವ ದೊಡ್ಡ ಜಾಗಕ್ಕೆ ತಂದರು.

ಇದರಿಂದ ಏನಾಗುತ್ತದೆ ಅನ್ನೋದನ್ನು ಲೆಕ್ಕ ಹಾಕಿಯೇ ನೋಡಬಹುದು. ಬ್ಲ್ಯಾಕ್ ಮೆಟಲ್‌ನ ಬ್ಲಾಸ್ಟ್ ಬೀಟ್ ಎಂದರೆ ಎಡೆಬಿಡದ ಹೊಡೆತ. ನಿಮಿಷಕ್ಕೆ 200 ಬೀಟ್ ಇಟ್ಟುಕೊಂಡು ಪ್ರತಿ ಬೀಟಿಗೆ ನಾಲ್ಕು ಹೊಡೆತ ಎಂದರೆ ಸೆಕೆಂಡಿಗೆ 13ಕ್ಕಿಂತ ಸ್ವಲ್ಪ ಜಾಸ್ತಿ. ಎರಡು ಹೊಡೆತಗಳ ನಡುವೆ 75 ಮಿಲಿಸೆಕೆಂಡ್ ಬಿಡುವು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 75 ಮಿಲಿಸೆಕೆಂಡಿನಲ್ಲಿ ಅದು ಹೋಗುವುದು ಹೆಚ್ಚುಕಡಿಮೆ 26 ಮೀಟರ್. ದೊಡ್ಡ ಹಾಲ್‌ನಲ್ಲಿ ಮೊದಲ ಹೊಡೆತ ಹಿಂದಿನ ಗೋಡೆ ಮುಟ್ಟಿ ವಾಪಸ್ ಬರುವಷ್ಟರಲ್ಲಿ ಮುಂದಿನ ಹೊಡೆತ ಹೊರಟಾಗಿರುತ್ತದೆ.

ಅಷ್ಟೇ ಅಲ್ಲ. ಶಬ್ದ ನಿಂತ ಮೇಲೂ ಗೋಡೆ, ಸೂರು, ನೆಲಗಳ ನಡುವೆ ಅದು ಪುಟಿಯುತ್ತಲೇ ಇರುತ್ತದೆ. ಇದಕ್ಕೆ ಅನುರಣನ ಎನ್ನುತ್ತಾರೆ. ಶಬ್ದ 60 ಡೆಸಿಬೆಲ್‌ನಷ್ಟು ಇಳಿಯಲು ಬೇಕಾದ ಹೊತ್ತೇ ಅನುರಣನದ ಕಾಲ. ಸಿಂಫೊನಿಗೆಂದು ಕಟ್ಟಿದ ಹಾಲ್‌ಗಳಲ್ಲಿ ಇದು ಸಾಮಾನ್ಯವಾಗಿ 2 ಸೆಕೆಂಡಿನ ಆಸುಪಾಸು. ಅಂದರೆ ಒಂದು ಹೊಡೆತ ಪೂರ್ತಿ ಅಡಗುವ ಮುಂಚೆ ಇನ್ನೂ 26 ಹೊಡೆತ ಅದರ ಮೇಲೆ ಬಿದ್ದಿರುತ್ತವೆ. ಪಿಟೀಲುಗಳ ನಿಧಾನದ ಎಳೆತಕ್ಕೆ ಇದು ಹಿತ. ಬ್ಲಾಸ್ಟ್ ಬೀಟಿಗೆ? ಹೊಡೆತಗಳ ಅಂಚು ಕರಗಿ, ಹಿಂದೆ ಒಂದು ದಟ್ಟ ಮಂಜು ನಿಲ್ಲುತ್ತದೆ. ಹತ್ತಿರದ ಮೈಕ್‌ಗಳು ಹೊಡೆತವನ್ನು ಹಿಡಿಯುತ್ತವೆ, ದೂರದ ಮೈಕ್‌ಗಳು ಮಂಜನ್ನು ಹಿಡಿಯುತ್ತವೆ. ಎರಡನ್ನೂ ಎಷ್ಟೆಷ್ಟು ಬೆರೆಸಬೇಕು ಅನ್ನೋದರಲ್ಲೇ ಎಂಜಿನಿಯರ್‌ನ ಜಾಣ್ಮೆ ಇರುವುದು. ಪಿಟ್ಟನ್ ಆ ಹದ ಕಂಡುಕೊಂಡರು. ತಂಡದ ಸದಸ್ಯರ ಜೊತೆ ಅವರ ಹೆಸರನ್ನೂ ಹೇಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅನುರಣನವನ್ನು ಮೊದಲು ಲೆಕ್ಕಕ್ಕೆ ತಂದವರು ಹಾರ್ವರ್ಡ್‌ನ ವಾಲೇಸ್ ಸಬೀನ್. 1895ರಲ್ಲಿ ಅವರ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಮಾತು ಏನೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಕೋಣೆಯಲ್ಲೇ ಸುತ್ತುತ್ತಿತ್ತು. ಸಬೀನ್ ಪಕ್ಕದ ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿದರು. ಆರ್ಗನ್ ಕೊಳವೆ ಊದಿಸಿ, ಶಬ್ದ ಅಡಗುವ ಹೊತ್ತನ್ನು ಅಳೆದರು. ಬೆಳಗಾಗುವ ಮುಂಚೆ ಮೆತ್ತೆಗಳು ವಾಪಸ್ ಹೋಗಬೇಕಿತ್ತು. ಕೊನೆಗೆ ಸಿಕ್ಕ ಸೂತ್ರ ತೀರಾ ಸರಳ: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಅಲ್ಲಿ ಶಬ್ದ ಹೀರುವ ಒಟ್ಟು ಮೈಯ ಅಳತೆಯಿಂದ ಭಾಗಿಸಿ. ತಾವು ಹಾಕಿಕೊಂಡ ಬಟ್ಟೆಯೂ ಫಲಿತಾಂಶ ಬದಲಿಸುತ್ತದೆ ಎಂದು ತಿಳಿದ ಮೇಲೆ ಸಬೀನ್ ಪ್ರಯೋಗಕ್ಕೆ ಒಂದೇ ಥರದ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದರಂತೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫೊನಿ ಹಾಲ್ ಅವರ ಲೆಕ್ಕದ ಮೇಲೆ ನಿಂತಿದೆ.

ಬಟ್ಟೆ ಶಬ್ದ ಹೀರುತ್ತದೆ, ಜನ ಇನ್ನೂ ಹೀರುತ್ತಾರೆ. ಸಾಮಾನು ತುಂಬುವ ಮುಂಚೆ ಹೊಸ ಮನೆಯಲ್ಲಿ ಮಾತು ಗುಂಯ್ ಅನ್ನುತ್ತದಲ್ವಾ? ಹಾಗೆಯೇ ಖಾಲಿ ಹಾಲ್ ಕೂಡ. ಉದಾಹರಣೆಗೆ 3,000 ಘನಮೀಟರ್‌ನ ಒಂದು ಹಾಲ್ ತೆಗೆದುಕೊಳ್ಳಿ. ಖಾಲಿ ಇದ್ದಾಗ ಅದರ ಅನುರಣನ 2 ಸೆಕೆಂಡ್ ಇರಲಿ. 600 ಜನ ನಿಂತರು. ತೆರೆದ ಕಿಟಕಿಯಿಂದ ಹೊರಹೋದ ಶಬ್ದ ವಾಪಸ್ ಬರುವುದಿಲ್ಲ, ಹಾಗಾಗಿ ಹೀರುವಿಕೆಗೆ ಅದೇ ಅಳತೆಗೋಲು. ಒಬ್ಬೊಬ್ಬರೂ ಸುಮಾರು 0.45 ಚದರ ಮೀಟರ್ ತೆರೆದ ಕಿಟಕಿಯಷ್ಟು ಶಬ್ದ ಹೀರುತ್ತಾರೆ ಎಂದುಕೊಳ್ಳೋಣ. ಸಬೀನ್ ಸೂತ್ರಕ್ಕೆ ಹಾಕಿದರೆ 2 ಸೆಕೆಂಡ್ ಇದ್ದದ್ದು 1 ಸೆಕೆಂಡಿಗೂ ಕೆಳಗೆ ಇಳಿಯುತ್ತದೆ. ಮೆತ್ತೆ ಕುರ್ಚಿಗಳ ಸಿಂಫೊನಿ ಹಾಲ್‌ಗಳಲ್ಲಿ ಈ ವ್ಯತ್ಯಾಸ ಕಡಿಮೆ, ಯಾಕಂದ್ರೆ ಕುರ್ಚಿಯೇ ಜನರ ಕೆಲಸ ಮಾಡುತ್ತಿರುತ್ತದೆ. ನಿಂತು ಕೇಳುವ ರಾಕ್ ಹಾಲ್‌ಗಳಲ್ಲಿ ಜಾಸ್ತಿ. ಇನ್ನೊಂದು ವಿಷಯ: ಜನರ ಮೈ ಮತ್ತು ಬಟ್ಟೆ ಹೀರುವುದು ಮುಖ್ಯವಾಗಿ ನಡುವಿನ ಮತ್ತು ಮೇಲಿನ ಸ್ವರಗಳನ್ನು. 100 ಹರ್ಟ್ಜ್, ಅಂದರೆ ಸೆಕೆಂಡಿಗೆ 100 ಕಂಪನ, ಅದರ ಆಸುಪಾಸಿನ ತಗ್ಗು ಗುಡುಗು ಜನರನ್ನು ದಾಟಿಕೊಂಡು ಹೋಗುತ್ತದೆ. ಡೆನ್ಮಾರ್ಕ್‌ನ ರಾಕ್ ಹಾಲ್‌ಗಳ ಅಧ್ಯಯನವೂ ಇದನ್ನೇ ಒತ್ತಿ ಹೇಳಿತು: ರಾಕ್‌ಗೆ ಹಾಲ್ ಚೆನ್ನಾಗಿರಬೇಕಾದರೆ ಮೊದಲು ತಗ್ಗು ಸ್ವರಗಳ ಅನುರಣನವನ್ನು ಕಡಿಮೆ ಮಾಡಬೇಕು.

ಜೊತೆಗೆ ವೇದಿಕೆಯಲ್ಲಿ ದೂರದ ಮೈಕ್‌ಗಳನ್ನು ನೆಚ್ಚುವ ಹಾಗಿಲ್ಲ. ಅವು ಜನರ ಕೂಗನ್ನೂ ದೊಡ್ಡ ಸ್ಪೀಕರ್‌ಗಳ ಸದ್ದನ್ನೂ ಒಟ್ಟಿಗೇ ಹಿಡಿಯುತ್ತವೆ. ಹಾಗಾಗಿ ಡ್ರಮ್ ಚರ್ಮದಿಂದ ಕೆಲವೇ ಸೆಂಟಿಮೀಟರ್ ದೂರದ ಮೈಕ್‌ಗಳೇ ಆಧಾರ. 'ಅಲೈವ್' ಕೇಳುವಾಗ ಹೆಲ್‌ಹ್ಯಾಮರ್‌ನ ಒಂದೊಂದು ಕಾಲ್ತುಳಿತವೂ ಬೇರೆ ಬೇರೆಯಾಗಿ ಕೇಳಿಸುವುದು ಇದಕ್ಕೇ. ಆ ಮನುಷ್ಯ ನಿಜವಾಗಿ ಏನು ಬಾರಿಸುತ್ತಾರೆ ಅಂತ ನನಗೆ ಪೂರ್ತಿ ಗೊತ್ತಾಗಿದ್ದು ಇಲ್ಲೇ. ಬೆರಗಾಗುವಂಥ ಕೈ, ಕಾಲು. ಆದರೆ ಮಂಜು ತೆಳುವಾಯಿತು, ಅದೂ ನಿಜ.

ಗಿಟಾರ್ ಕಡೆ ಬರೋಣ. ಮೂಲ ಆಲ್ಬಂನಲ್ಲಿ ನುಡಿಸಿದ್ದು ಯೂರೋನಿಮಸ್. ವೇದಿಕೆಯಲ್ಲಿ ಟೆಲಾಕ್ ಮತ್ತು ಘೂಲ್ ಎಂಬ ಇಬ್ಬರು. ಆಂಪ್ಲಿಫೈಯರ್‌ಗೆ ತಡೆಯುವುದಕ್ಕಿಂತ ಹೆಚ್ಚು ಸಿಗ್ನಲ್ ಕೊಟ್ಟರೆ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಅದೇ ಡಿಸ್ಟಾರ್ಷನ್. ಆಗ ಮೂಲ ಸ್ವರದ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟಿನ ಹೊಸ ಸ್ವರಗಳು ಹುಟ್ಟುತ್ತವೆ. ಎರಡು ಸ್ವರ ಒಟ್ಟಿಗೆ ನುಡಿಸಿದರೆ ಅವುಗಳ ವ್ಯತ್ಯಾಸದ ಸ್ವರವೂ ಹುಟ್ಟುತ್ತದೆ. 110 ಮತ್ತು 165 ಹರ್ಟ್ಜ್ ನುಡಿಸಿ ನೋಡಿ. ವ್ಯತ್ಯಾಸ 55. ಅದು 110ರ ಸರಿಯಾಗಿ ಅರ್ಧ, ಅಂದರೆ ಕೆಳಗಿನ ಸ್ಥಾಯಿಯ ಅದೇ ಸ್ವರ. ಆದ್ದರಿಂದಲೇ ಇಂಥ ಎರಡು ಸ್ವರಗಳ ಜೋಡಿಯಾದ ರಾಕ್‌ನ ಪವರ್ ಕಾರ್ಡ್ ಅಷ್ಟು ದಪ್ಪಗೆ, ಅಷ್ಟು ಸ್ವಚ್ಛವಾಗಿ ಕೇಳಿಸುವುದು. ಈಗ ನಡುವೆ 132 ಹರ್ಟ್ಜ್ ಸೇರಿಸಿ. ಇದು ಮೈನರ್ ಕಾರ್ಡ್ ಆಯಿತು. ವ್ಯತ್ಯಾಸಗಳು 22, 33, 55. ಇದರಲ್ಲಿ 22 ಮತ್ತು 33 ಸ್ವರವಾಗಿ ನಿಲ್ಲದೆ ಗರಗರ ನಡುಕವಾಗುತ್ತವೆ. ಬೇರೆ ಮೆಟಲ್ ತಂಡಗಳು ಡಿಸ್ಟಾರ್ಷನ್ ಜೊತೆ ಇಂಥ ಕಾರ್ಡ್‌ಗಳಿಂದ ದೂರ ಇರುತ್ತಿದ್ದವು. ನಾರ್ವೆಯ ಹುಡುಗರು ಅದರ ಹಿಂದೆಯೇ ಬಿದ್ದರು. ಈ ಆಲ್ಬಂಗೆ ಕೆಲವು ರಿಫ್‌ಗಳನ್ನು, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳನ್ನು, ಕೊಟ್ಟ ಸ್ನೋರೆ ರೂಕ್ ಆ ದಾರಿಯಲ್ಲಿ ದೊಡ್ಡ ಹೆಸರು.

ನಡುಕದ ಮಾತು ಬಂತಲ್ಲ. 2015ರಲ್ಲಿ ಲೂಕ್ ಆರ್ನಾಲ್ ಮತ್ತು ಸಂಗಡಿಗರು ಮನುಷ್ಯರ ಕಿರುಚಾಟದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮಾತಿನಲ್ಲಿ ದನಿಯ ಏರಿಳಿತ ಸೆಕೆಂಡಿಗೆ ನಾಲ್ಕೈದು ಬಾರಿ. ಕಿರುಚಾಟದಲ್ಲಿ 30ರಿಂದ 150 ಬಾರಿ. ಇಂಥ ಒರಟು ಸದ್ದಿಗೆ ಮಿದುಳಿನ ಅಮಿಗ್ಡಲಾ, ಅಂದರೆ ಭಯಕ್ಕೆ ಸ್ಪಂದಿಸುವ ಭಾಗ, ಜಾಸ್ತಿ ಚುರುಕಾಗುತ್ತದೆ. ಮೈನರ್ ಕಾರ್ಡ್‌ನ 33 ಮತ್ತು 55 ಕೂಡ ಇದೇ ಮಿತಿಯೊಳಗೆ ಬೀಳುತ್ತವೆ ಎಂಬುದನ್ನು ನೋಡಿದಾಗ, ಈ ಸಂಗೀತ ಮೈ ಜುಮ್ಮೆನಿಸುವುದು ಸುಮ್ನೆ ಅಲ್ಲ ಅನಿಸುತ್ತದೆ. ಅಟಿಲಾ ದನಿಯಲ್ಲೂ ಇದೇ ಒರಟುತನ ಇದೆ. ಗಂಟಲಿನಲ್ಲಿ ನಿಜವಾದ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾತಾಡುವಾಗ ಅವು ಸುಮ್ಮನಿರುತ್ತವೆ. ರಷ್ಯಾದ ಟುವಾ ಪ್ರಾಂತದ ಗಂಟಲು ಗಾಯಕರು ಮತ್ತು ಟಿಬೆಟಿನ ಭಿಕ್ಷುಗಳು ಅವನ್ನೂ ನಡುಗಿಸುತ್ತಾರೆ. ಧ್ವನಿತಂತು ಎರಡು ಸಲ ನಡುಗುವಷ್ಟರಲ್ಲಿ ಇವು ಒಂದು ಸಲ ನಡುಗಿದರೆ ದನಿ ಒಂದು ಸ್ಥಾಯಿ ಕೆಳಗೆ ಕುಸಿದಂತೆ ಕೇಳಿಸುತ್ತದೆ. ಅಟಿಲಾ ಹಾಡುವುದು ಇದಕ್ಕೆ ಬಹಳ ಹತ್ತಿರ. ಮೂಲ ಆಲ್ಬಂ ಹೊತ್ತಿಗೆ ಅವರಿಗೆ ಇಪ್ಪತ್ತೆರಡರ ಆಸುಪಾಸು, ನೋರ್‌ಶೋಪಿಂಗ್‌ನಲ್ಲಿ 44. ದನಿ ಮಾಗಿದೆ ಅನ್ನೋದೇ ನನ್ನ ಅನಿಸಿಕೆ.

ಹಳೇ ಅಭಿಮಾನಿಗಳು ಲೈವ್ ಆವೃತ್ತಿ ಕೇಳಿ ವೇಗ ಬದಲಾಗಿದೆ ಎಂದು ತಕ್ಷಣ ಹೇಳಿದರೆ ನಂಬಿ. ಡೇನಿಯಲ್ ಲೆವಿಟಿನ್ ಮತ್ತು ಪೆರಿ ಕುಕ್ 1996ರಲ್ಲಿ ಜನರಿಗೆ ಚೆನ್ನಾಗಿ ಗೊತ್ತಿರುವ ಹಾಡುಗಳನ್ನು ನೆನಪಿನಿಂದ ಹಾಡಿಸಿದರು. ಹೆಚ್ಚಿನವರ ವೇಗ ಮೂಲಕ್ಕಿಂತ ಶೇಕಡಾ 8ರೊಳಗೇ ಆಚೀಚೆ ಆಯಿತು.

ಇನ್ನು ಬಾಸ್, ಅಂದರೆ ತಗ್ಗು ಸ್ವರಗಳ ಗಿಟಾರ್. ಇದರ ಹಿಂದೆ ನೋವಿನ ಕಥೆ ಇದೆ. ಹೆಚ್ಚಿನ ಸಾಹಿತ್ಯ ಬರೆದ, ತಂಡದ ಹಿಂದಿನ ಗಾಯಕ, ಸ್ವೀಡನ್ನಿನ ಪೆರ್ ಓಹ್ಲಿನ್, 1991ರಲ್ಲೇ ತೀರಿಕೊಂಡಿದ್ದರು. 1993ರ ಆಗಸ್ಟ್ 10ರಂದು ಯೂರೋನಿಮಸ್ ಕೊಲೆಯಾದರು. ಕೊಂದದ್ದು ಇದೇ ಆಲ್ಬಂಗೆ ಬಾಸ್ ನುಡಿಸಿದ್ದ ವರ್ಗ್ ವಿಕರ್ನೆಸ್. ಆ ಬಾಸ್ ತೆಗೆದುಹಾಕಿ ಎಂದು ಯೂರೋನಿಮಸ್‌ರ ಹೆತ್ತವರು ಕೇಳಿಕೊಂಡರು. ಅದು ಹಾಗೇ ಉಳಿಯಿತು, ಆದರೆ ಆಲ್ಬಂನಲ್ಲಿ ಅದು ತೀರಾ ಹಿಂದಿದೆ, ಹುಡುಕಿ ಕೇಳಬೇಕು.

ಹಾಗಿದ್ದೂ ಆಲ್ಬಂ ತೆಳುವಾಗಿ ಕೇಳಿಸುವುದಿಲ್ಲ, ಯಾಕೆ? ಒಂದು ಕಾರಣ ಆಗಲೇ ಬಂತು: 110 ಮತ್ತು 165 ಸೇರಿ 55 ಹುಟ್ಟಿದ ಹಾಗೆ, ಗಿಟಾರ್ ಆಂಪ್ಲಿಫೈಯರೇ ಒಂದು ಕೆಳಸ್ವರವನ್ನು ಹುಟ್ಟಿಸುತ್ತದೆ. ಇನ್ನೊಂದು ಕಾರಣ ಮಿದುಳಿನಲ್ಲಿದೆ. ಬಾಸ್‌ನ ಅತಿ ತಗ್ಗಿನ ತಂತಿ 41 ಹರ್ಟ್ಜ್. ಅದರ ಜೊತೆ 82, 123, 164 ಎಂಬ ಮೇಲಿನ ಸ್ವರಗಳೂ ಬರುತ್ತವೆ. 41 ಅನ್ನು ಪೂರ್ತಿ ತೆಗೆದುಬಿಟ್ಟರೂ ಉಳಿದವುಗಳ ಸಮಾನ ಅಂತರ ನೋಡಿ ಮಿದುಳು 41ನ್ನೇ ಕೇಳಿಸಿಕೊಳ್ಳುತ್ತದೆ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಗಂಡಸಿನ ದನಿ ಗಂಡಸಿನ ದನಿಯಾಗಿಯೇ ಕೇಳುವುದು ಹೀಗೆ. ಹಾಗಾಗಿ ಹಳೇ ಆಲ್ಬಂನ ಆಳದಲ್ಲಿ ಒಂದಷ್ಟು ಪಾಲು ನಾವೇ ತುಂಬಿಕೊಂಡದ್ದು.

'ಅಲೈವ್'ನಲ್ಲಿ ತುಂಬಿಕೊಳ್ಳುವ ಕೆಲಸ ಕಡಿಮೆ. ಇಲ್ಲಿ ಬಾಸ್ ಹಿಡಿದವರು ನೆಕ್ರೋಬುಚರ್, 1984ರಲ್ಲಿ ತಂಡ ಕಟ್ಟಿದವರಲ್ಲಿ ಒಬ್ಬರು. ಓಹ್ಲಿನ್ ಸಾವಿನ ನಂತರ ತಂಡ ಬಿಟ್ಟಿದ್ದವರು, ಮುಂದೆ 1995ರಲ್ಲಿ ವಾಪಸ್ ಬಂದರು. ಮೂಲ ಆಲ್ಬಂನಲ್ಲಿ ಅವರು ನುಡಿಸಿಲ್ಲ. 'ಫ್ರೀಜಿಂಗ್ ಮೂನ್' ಹಾಡಿನ ನಿಧಾನದ ಭಾಗವನ್ನು ಎರಡೂ ಆಲ್ಬಂಗಳಲ್ಲಿ ಕೇಳಿ ಹೋಲಿಸಿ. ಲೈವ್‌ನಲ್ಲಿ ಗಿಟಾರ್‌ಗಳ ಕೆಳಗೆ ಬಾಸ್ ತನ್ನದೇ ನಡೆಯಲ್ಲಿ ಸಾಗುವುದು ತಿಳಿಯುತ್ತದೆ. ಇದಕ್ಕೆ ಒಳ್ಳೆಯ ಹೆಡ್‌ಫೋನ್ ಬೇಕು. ಫೋನಿನ ಸ್ಪೀಕರ್‌ಗೆ 41 ಹರ್ಟ್ಜ್ ಹೊರಡಿಸಲು ಆಗುವುದಿಲ್ಲ, ಅದರಲ್ಲಿ ಕೇಳಿದರೆ ಎರಡು ಆಲ್ಬಂಗಳ ಬಾಸ್ ನಡುವಿನ ಈ ವ್ಯತ್ಯಾಸ ಬಹುಪಾಲು ಕಳೆದುಹೋಗುತ್ತದೆ.